ಹಾಲಿನೊಳಗಿನ ಕಪ್ಪೆ

ಒನೇಗಾ ಸರೋವರದ ದಂಡೆಯಲ್ಲಿ
ಅವ್ದೋತ್ಯಾ ಎಂಬ ಮುದುಕಿ
ಹಾಲಿನ ಗಡಿಗೆಗೆ ಕಂದು ಕಪ್ಪೆಯೊಂದನ್ನು ಬಿಟ್ಟು
ಬಾವಿಗಿಳಿಸುತ್ತಿದ್ದಳು, ಜುಲೈ ತಿಂಗಳಿಡೀ.
ಕೇಳಿದರೆ, "ಕಾವಲಿಗೆ" ಎನ್ನುವಳು.
ಮೊಮ್ಮಗಳು ತೈಸಿಯಾ ಆ ಹಾಲು ಕುಡಿಯಲಿಲ್ಲ,
ಒಂದು ದಿನವೂ.

ಈಗ ಪೆತ್ರೊಜಾವೊದ್ಸ್ಕಿನಲ್ಲಿ ಮೂರನೆಯ ಮಹಡಿ.
ಕತ್ತಲ ಕೋಣೆ. ಹೀಟರ್ ಕೆಟ್ಟಿದೆ.
ಕೋಟಿನ ಮೇಲೆ ಕೋಟು ತೊಟ್ಟು
ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಿದ್ದಾಳೆ.
ಕೊಬ್ಬಿನ ಪುಟ್ಟ ಗುಳ್ಳೆ, ಒಳಗೆ ಹಸಿರು ಬಣ್ಣ;
ಎರಡೇ ಅಣುವಿನ ದಪ್ಪದ ಕೆನೆ
ಒಳಗು ಹೊರಗೆಂಬುದನ್ನು ಹಿಡಿದು ನಿಂತಿದೆ.

ಕಪ್ಪೆಚರ್ಮದ ಪೆಪ್ಟೈಡ್, ಒಂದು ತೊಟ್ಟು.
ನೀರಿನಲ್ಲಿ ಅದಕ್ಕೆ ರೂಪವಿಲ್ಲ, ಬಿಚ್ಚಿದ ದಾರ.
ಋಣದ ವಾಸನೆ ಹಿಡಿದು ಬರುತ್ತದೆ ಧನ;
ಕೆನೆ ಮುಟ್ಟಿದೊಡನೆ ಸುರುಳಿ ಸುತ್ತಿ
ಒಂದು ಮೈ ನೀರಿಗೆ, ಒಂದು ಮೈ ಜಿಡ್ಡಿಗೆ ಕೊಟ್ಟು
ಮಗ್ಗುಲಾಗಿ ಮಲಗುತ್ತದೆ.

ಏನೂ ಆಗುವುದಿಲ್ಲ.
ಇನ್ನೊಂದು ಬಂದು ಮಲಗುತ್ತದೆ. ಇನ್ನಷ್ಟು.
ಆಗಲೂ ಏನೂ ಇಲ್ಲ.
ಚಹಾ ಆರಿದ್ದು ತೈಸಿಯಾಗೆ ಗೊತ್ತಿಲ್ಲ.
ಆಮೇಲೆ, ಜಾಗ ಸಾಲದಾದಾಗ,
ಒಂದೆರಡು ಎದ್ದು ನಿಲ್ಲುತ್ತವೆ.
ಅಷ್ಟೇ, ಹಸಿರು ಸೋರುತ್ತದೆ.
ಗೋಡೆ ಬಿದ್ದ ಸದ್ದಿಲ್ಲ.

ಪಕ್ಕದ ತಟ್ಟೆಯಲ್ಲಿ ನಮ್ಮ ಜೀವಕೋಶವನ್ನು ಹೋಲುವ ಗುಳ್ಳೆ,
ಕೊಲೆಸ್ಟರಾಲ್ ಬೆರೆತದ್ದು, ಋಣವಿಲ್ಲದ್ದು.
ಅದರ ಮುಂದೆ ದಾರಗಳು ಸುಮ್ಮನೆ ತೇಲಿ ಹೋಗುತ್ತವೆ,
ಪರಿಚಯವಿಲ್ಲದವರ ಹಾಗೆ.
(ಕೈ ಜಾರಿ ಹೆಚ್ಚು ಸುರಿದರೆ ಅದೂ ಸೋರುತ್ತದೆ.)

ವಹಿಯಲ್ಲಿ ಬರೆದಳು:
ಹನ್ನೊಂದು ನಿಮಿಷ, ನಲವತ್ತು ಸೆಕೆಂಡು.
ಅದರ ಕೆಳಗೆ, ಯಾರೂ ಕೇಳದ ಒಂದು ಸಾಲು:
ಹಾಲು ಮುಗಿದ ಮೇಲೆ ಆ ಕಪ್ಪೆಯನ್ನು
ಅಜ್ಜಿ ಎಲ್ಲಿ ಬಿಡುತ್ತಿದ್ದಳೋ.