ನಡುವಿನ ಗುಡ್ಡ

ಕೀ ಕೊಟ್ಟೆ. ಸಿರುಗುಪ್ಪದ ಹುಡುಗ ಗಾದಿಲಿಂಗ
ಎಣಿಸಿದ ನೋಟಿಗೆ ರಬ್ಬರು ಹಾಕಿ ಕೈಗಿಟ್ಟ.
ಬೆಲ್ಟು ಕಟ್ಟುವ ಮೊದಲೇ ಕೌಲ್‌ಬಜಾರಿನ ತಿರುವಿನಲ್ಲಿ
ಬಾಲ ಅಲ್ಲಾಡಿಸಿಕೊಂಡು ಹೋಯಿತು
ನನ್ನ ಹನ್ನೊಂದು ವರ್ಷ.

ಅದಿರು ನಿಂತ ವರ್ಷ ತಂದದ್ದು.
ಯಾರೋ ಕಂಟ್ರಾಕ್ಟರನ ಶೆಡ್ಡಿನಲ್ಲಿ ಕೆಂಪು ಧೂಳು ಹೊದ್ದು ಮಲಗಿತ್ತು,
ಒರೆಸಿದರೆ ಒಳಗೆ ನೀಲಿ,
ಇನ್ನೂ ವಾಷಿಂಗಿಗೆ ಹೋಗದ ಜೀನ್ಸಿನ ನೀಲಿ.
ಆರು ಸಿಲಿಂಡರು. ಜೀವವೆಲ್ಲ ಹಿಂದಿನ ಗಾಲಿಯಲ್ಲಿ.
ಕಾಲೊತ್ತಿದರೆ ಯಾರೋ ಅಂಗೈಯಿಟ್ಟು
ಬೆನ್ನ ಬುಡದಿಂದ ತಳ್ಳಿದ ಹಾಗೆ:
ಹೋಗಲೇ, ನೀನೇನು ಕಡಿಮೆ, ಹೋಗು.

ಹಾಗೆ ಅಂದವರು ಬೇರೆ ಯಾರೂ ಇರಲಿಲ್ಲ ನನಗೆ.

ಕುಡಿತಿನಿಯ ಹತ್ತಿರ, ಲಾರಿ ಚೆಲ್ಲಿದ ಪುಡಿಯ ಮೇಲೆ
ಮೊದಲ ಮಳೆ ಬಿದ್ದ ರಾತ್ರಿ
ಅದರ ಹಿಂಭಾಗ ಮುಂಭಾಗವನ್ನು ನೋಡಲು ಬಂತು.
ತಿರುಗಿಸಿ ಹಿಡಿದೆ. ನಿಂತಿತು.
ಆ ಕಥೆಯನ್ನು ಹತ್ತು ಮಂದಿಗೆ ಹೇಳಿದ್ದೇನೆ,
ಹಿಂದಿನ ಸೀಟಿನಲ್ಲಿ ಮಗಳು ಮಲಗಿದ್ದಳು
ಅನ್ನುವುದೊಂದನ್ನು ಬಿಟ್ಟು.

ಯಾಕೆ ಮಾರಿದ್ರಿ ಅಂತ ಕೇಳುತ್ತಾರೆ.
ಬ್ಯಾಂಕಿನವನಿಗೆ ಪೆಟ್ರೋಲು ಅನ್ನುತ್ತೇನೆ,
ಮೋತಿ ಸರ್ಕಲ್ಲಿನ ಚಹಾದವನಿಗೆ ಮಂಡಿನೋವು,
ಜಿಲಾನಿಗೆ, ಸ್ಪೇರು ಸಿಗೋದಿಲ್ಲವಲ್ಲೋ.
ಯಾವುದೂ ಸುಳ್ಳಲ್ಲ.

ಈಗ ಇದು. ಬಿಳಿ. ಮೊಂಡು ಮೂಗು,
ಉದ್ದವಾಯಿತೆಂದು ಕತ್ತರಿಸಿ ಮಡಿಚಿ ಹೊಲಿದಂಥ ಗಿಡ್ಡ ಬೆನ್ನು.
ಮೂರೇ ಸಿಲಿಂಡರು, ಚಾಲೂ ಮಾಡಿದರೆ
ಯೂನಿಟ್ಟಿನಲ್ಲಿ ಯಾರೋ ಝಿಪ್ಪು ಕೂರಿಸುತ್ತಿದ್ದಾರೆ ಅನ್ನಿಸುತ್ತದೆ.
ಮುಂದಿನ ಗಾಲಿಯೇ ಎಳೆಯಬೇಕು, ಮುಂದಿನ ಗಾಲಿಯೇ ತಿರುಗಬೇಕು,
ಹಿಂದಿನವೆರಡು ಸುಮ್ಮನೆ
ಮದುವೆಗೆ ಬಂದ ದೂರದ ನೆಂಟರ ಹಾಗೆ ಕೂತು ಬರುತ್ತವೆ.
ಜಿಲಾನಿ ಬಾನೆಟ್ಟು ಎತ್ತಿ ನೋಡಿ, ಮುಚ್ಚಿ,
‘ಕೆಡಾಕ ಏನೂ ಇಲ್ಲ ಭಾಯ್, ನನ್ನ ಹೊಟ್ಟಿ ಮ್ಯಾಲೆ ಹೊಡದ್ರಿ’ ಅಂದ.

ಮೊದಲ ವಾರ ನಾನೇ ಕೆಟ್ಟೆ.
ಹಗರಿ ಸೇತುವೆ ದಾಟಿದ ಮೇಲಿನ ತಿರುವು, ಹಳೇ ರೂಢಿ,
ಒಳಹೊಕ್ಕು ಕಾಲೊತ್ತಿದೆ, ಬಾಲ ಬರಲೆಂದು ಕಾದೆ.
ಬಾಲವಿಲ್ಲ. ಮೂಗು ನೆಟ್ಟಗೆ
ಮೆಣಸಿನಕಾಯಿ ಹೊಲದ ಕಡೆ ಹೊರಟಿತು,
ಕೈಯೊಳಗಿನ ಸ್ಟೇರಿಂಗು ಹಟ ಹಿಡಿದು ಜಗ್ಗಿತು.
ಬದಿಯಲ್ಲಿ ಹಂಪಮ್ಮ, ಮಡಿಲಲ್ಲಿ ಟಿಫಿನ್ ಕ್ಯಾರಿಯರು,
ಕಾರು ನಿಂತ ಮೇಲೆ ನಿಧಾನಕ್ಕೆ ಹೇಳಿದಳು,
ಹೊಸ ಹುಡುಗಿಯರಿಗೆ ಮಿಷಿನ್ನಿನ ಮುಂದೆ ಹೇಳುವ ಅದೇ ದನಿ:
‘ಅರಿವಿ ತಳ್ಳಬ್ಯಾಡ್ರಿ.
ಕೆಳಗ ಹಲ್ಲು ಅದಾವ, ತಾವೇ ಎಳಕೊಂತಾವ.
ನೀವು ದಾರಿ ತೋರಿಸಿದ್ರ ಸಾಕು.’

ಆಮೇಲಾಮೇಲೆ ಅವಳೇ ಕೂತಳು ಆ ಸೀಟಿಗೆ.
ಹಳೆಯದನ್ನು ಒಂದು ದಿನವೂ ಕೇಳಿರಲಿಲ್ಲ ಅವಳು,
ಕೇಳದಿದ್ದರೆ ಬೇಡವೆಂದೇ ಅರ್ಥ ಎಂದುಕೊಂಡಿದ್ದೆ ನಾನು.
ಈಗ ಬ್ರೂಸ್‌ಪೇಟೆಯ ಸಂದಿಯಲ್ಲಿ
ತಳ್ಳುಗಾಡಿ, ಹಂದಿಮರಿ, ಅಡ್ಡ ನಿಲ್ಲಿಸಿದ ಲಗೇಜು ಆಟೋ,
ಇವುಗಳ ನಡುವೆ ಕಾಜಾ ಹೊಲಿದಂತೆ ಹಾಯುತ್ತಾಳೆ,
ದಾರ ಕಡಿಯದೆ.
ನಾನು ಎಡಗಡೆ ಕೂತು ಇಲ್ಲದ ಬ್ರೇಕು ತುಳಿಯುತ್ತೇನೆ.

ಪ್ರಣತಿಯದು ಮಾತ್ರ ಒಂದು ತಕರಾರು.
ಹಳೇ ಕಾರಿನ ಹಿಂದಿನ ಸೀಟಿನ ಕೆಳಗೆ, ನಟ್ಟನಡುವೆ,
ಎಂಜಿನ್ನಿನಿಂದ ಹಿಂದಿನ ಗಾಲಿಗೆ ಹೋಗುವ ದಂಡ ಅಡಗಿದ್ದ ದಿಬ್ಬ,
ಮೂರು ವರ್ಷದವಳಿದ್ದಾಗ ಅದಕ್ಕೆ
ಬಳ್ಳಾರಿ ಗುಡ್ಡ ಎಂದು ಹೆಸರಿಟ್ಟಿದ್ದಳು.
ಅತ್ತೊಂದು ಕಾಲು ಇತ್ತೊಂದು ಕಾಲು, ಕೋಟೆಯ ರಾಣಿ.
ಏಪ್ರಿಲ್ಲಿನಲ್ಲಿ ಅದೂ ಕಾಯುತ್ತಿತ್ತು ಬಂಡೆಯ ಹಾಗೆ.
ಇದರಲ್ಲಿ ನೆಲ ಸಪಾಟು.
ಹದಿಮೂರರ ಹುಡುಗಿ ಹತ್ತಿ, ಕಾಲಾಡಿಸಿ, ಬಗ್ಗಿ ನೋಡಿ
‘ಅಪ್ಪಾ, ಗುಡ್ಡ ಎಲ್ಲಿಗೋಯ್ತು?’ ಅಂದಳು.

ನಮ್ಮ ಕಡೆ ಇದು ಹೊಸ ಪ್ರಶ್ನೆಯಲ್ಲ.
ಗೊತ್ತಿದ್ದವರು ಯಾರೂ ಉತ್ತರ ಕೊಟ್ಟಿದ್ದಿಲ್ಲ.
ಮಾರಿದೆ ಅಂದೆ.

ಸಂಜೆ ಆ ಸಪಾಟು ಜಾಗದಲ್ಲಿ
ಪ್ಯಾಂಟಿನ ಎರಡು ಬಂಡಲು
ಸರಿಯಾಗಿ ಹಿಡಿದವು.