ನಲವತ್ತು ರೂಪಾಯಿಯ ನೆನಪು

ದೊಡ್ಡ ಚಿಪ್ಪಿಗೆ ದುಡ್ಡಿಲ್ಲ ಎಂದರು ದುಗ್ಗಪ್ಪನವರು,
ಮಾಚೇನಹಳ್ಳಿಯ ಶೆಡ್ಡಿನಲ್ಲಿ, ಬಿಲ್ಲಿನ ಬೆನ್ನಿಗೇ ಲೆಕ್ಕ ಹಾಕಿ.
ಒಳಗೆ ಹದಿನಾರು ಕೆಬಿ, ಮಿಂಚಿನ ಹಾಗೆ;
ಹೊರಗೆ ನಲವತ್ತು ರೂಪಾಯಿಯ ಮೆಮೊರಿ,
ಕೇಳಿದ್ದನ್ನು ಕೊಡುತ್ತದೆ,
ಕೆಮ್ಮಿ, ಕನ್ನಡಕ ಹುಡುಕಿ, ಆಮೇಲೆ.

ಅಕ್ಕಿ ಗಿರಣಿಯ ಬೇರಿಂಗು ಒಡೆಯುವ ಮೊದಲು
ಏನೋ ಹೇಳುತ್ತದಂತೆ.
ಅದನ್ನು ಕೇಳಿಸಿಕೊಳ್ಳುವ ಪೆಟ್ಟಿಗೆ ನನ್ನದು.
ಒಂದೊಂದೇ ಅಂಕಿಗೆ ಹೊರಗೆ ಕೈಚಾಚಿ
ಪ್ರೊಸೆಸರು ನಿಂತು, ನಿಂತು,
ಅರ್ಧ ಸದ್ದನ್ನೇ ನುಂಗಿತು. ಮೂರು ರಾತ್ರಿ.

ನಾಲ್ಕನೆಯ ದಿನ
ಭದ್ರಾವತಿ ರಸ್ತೆಯ ಗಿರಣಿಯಲ್ಲೇ ಕೂತು ನೋಡಿದೆ.
ಗೋದಾಮು ಅಂಗಳದಾಚೆ;
ಹಮಾಲಿ ಬುಡೇನ್ ಸಾಬರ ನಡಿಗೆಗೆ ಅವಸರವೇ ಗೊತ್ತಿಲ್ಲ.
ಆದರೂ ಯಂತ್ರ ಒಮ್ಮೆಯೂ ಬರಿದೆ ತಿರುಗಲಿಲ್ಲ:
ಒಂದು ಮೂಟೆ ಅದರ ಬಾಯಿಗೆ ಇಳಿಯುವಾಗಲೇ
ಇನ್ನೊಂದು ಅವರ ಬೆನ್ನ ಮೇಲೆ ಅಂಗಳ ದಾಟುತ್ತಿತ್ತು.
"ಕಾಳು ಕಾಳು ತರೋಕಾಗುತ್ತಾ ಮೇಡಂ?"

ಅಷ್ಟೇ.
ಒಳಗೆ ಎರಡು ಬುಟ್ಟಿ ಮಾಡಿದೆ.
ಒಂದನ್ನು ಅಳೆಯುವಾಗ ಇನ್ನೊಂದು ತುಂಬಲಿ,
ಕೇಳುವ ಮೊದಲೇ ಹೊರಡಲಿ ಮೂಟೆ.

ಮೊನ್ನೆ ಬೇರಿಂಗು ಒಡೆದೇ ಒಡೆಯಿತು.
ಪೆಟ್ಟಿಗೆ ಕೂಗಲಿಲ್ಲ; ಮಿತಿಯನ್ನು ನಾನೇ ತಪ್ಪು ಬರೆದಿದ್ದೆ.
ಕರೆಂಟು ಹೋದದ್ದೇ ತಡ,
ಮಿಂಚಿನಂಥದು ಎಲ್ಲ ಮರೆಯಿತು.
ಅಗ್ಗದ್ದು ಮರೆತಿರಲಿಲ್ಲ.

ದಿನಕ್ಕೊಂದು ಚೂರಿನಂತೆ ಹತ್ತೊಂಬತ್ತು ದಿನ
ಹಿಂದಕ್ಕೆ ಹೋದೆವು, ಅದರದೇ ನಡಿಗೆಯಲ್ಲಿ,
ದುಗ್ಗಪ್ಪನವರು ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು:
ಸಣ್ಣದೊಂದು ಟಿಕ್,
ಅನ್ನದಲ್ಲಿ ಸಿಕ್ಕ ಕಲ್ಲಿನಂತೆ.
ಅದರ ಹಿಂದೆಯೇ, ಅಂಗಳದ ನಡುವೆಲ್ಲೋ,
ಬುಡೇನ್ ಸಾಬರ ಕೆಮ್ಮು.