ಎಡಗಡೆಯ ಮೂರು ಮನೆ

ಮೇಸ್ತ್ರಿ ಅಂದರೆ ನಮಗೆ ಗಾರೆಯವನು.
ಬೈನಾದ ಕಡಲದಂಡೆಯಲ್ಲಿ ನಮ್ಮ ತಗಡಿನ ಮನೆ ಕೆಡವಿದ ವರ್ಷ
ಅವ್ವ ಕೇಳಿಕೊಂಡು ಬಂದಳು: ಚಿಕಾಲಿಯಲ್ಲೊಬ್ಬ ಮೇಸ್ತ್ರಿ ಅದಾನಂತ,
ಹುಡುಗರನ್ನ ಇಟಗೋತಾನಂತ.
ಬುಟ್ಟಿ ಸಲಿಕೆ ಸಮೇತ ಹೋಗಿ ನಿಂತೆ.

ಜಗಲಿಯ ಮೇಲಿನ ಮುದುಕ ಹೆಸರು ಕೇಳಿದ.
ದುರಗಪ್ಪ, ಅಂದೆ.
ಇನ್ನೊಮ್ಮೆ ಹೇಳು, ಅಂದ.
ಹದಿನಾರಕ್ಕೆ ಒಡೆದ ದನಿ;
ಅವ್ವನ ಮಾತಿನಲ್ಲಿ, ಬಾವ್ಯಾಗ ಕೊಡ ಬಿದ್ದಂಗ.
ಮುದುಕ ಸಲಿಕೆಯನ್ನು ನನ್ನ ಕೈಯಿಂದ ಇಸಿದುಕೊಂಡು
ಛತ್ರಿಗಳ ಜೊತೆ ಮೂಲೆಗಿಟ್ಟ.

ಸಾಂತಾನ್ ಬರೆಟ್ಟೊ. ಇಗರ್ಜಿಯ ಮೇಸ್ತ್ರಿ.
ಮುಂಬಯಿಯಲ್ಲಿ ಹನ್ನೊಂದು ವರ್ಷ, ಲಿಸ್ಬನ್ನಿನಲ್ಲಿ ಎರಡು ಚಳಿಗಾಲ
ಕೆಳದನಿಯಲ್ಲಿ ಹಾಡಿದವರು.
ಇಪ್ಪತ್ತಾರಕ್ಕೇ ಬಿಳಿ ಗಡ್ಡ ಅಂಟಿಸಿಕೊಂಡು
ರಾಜ, ಪಾದ್ರಿ, ನ್ಯಾಯಾಧೀಶ, ಎರಡು ಸಲ ಸೈತಾನ.
"ಹುಡುಗಿ ಯಾವಾಗಲೂ ಮೇಲುದನಿಯವನಿಗೆ.
ನಾನು ಬಾಗಿಲಿಗೆ ಅಡ್ಡ ನಿಂತ ಅವಳಪ್ಪ."
ಗಡ್ಡ ನಿಜಕ್ಕೂ ಬೆಳ್ಳಗಾಗುವ ಹೊತ್ತಿಗೆ
ಕರೆಯುವವರಿರಲಿಲ್ಲ.

ಪಾಠ ಅಂದರೆ ನೆಲದ ಮೇಲೆ ಅಂಗಾತ.
ಹೊಟ್ಟೆಯ ಮೇಲೆ ಎರಡು ಕಿಲೋ ಅಕ್ಕಿಯ ಚೀಲ.
ಉಸಿರಿಗೆ ಅದು ಏಳಬೇಕು, ಎದೆ ಏಳಬಾರದು.
ಮುಗಿದ ಮೇಲೆ ಅಕ್ಕಿ ನಮ್ಮ ಮನೆಗೆ.
"ಹಳೇ ಅಕ್ಕಿ ಹಗುರ, ನಾಳೆ ಬೇರೆ ತರಿಸುತ್ತೇನೆ" ಅನ್ನುತ್ತಿದ್ದರು,
ಮುಖ ಆಚೆ ಮಾಡಿಕೊಂಡು.
ನನ್ನಿಂದ ಅವರು ಕಲಿತ ಕನ್ನಡ ಒಂದೇ ಪದ: ತಳ.
ತಳ್ಳಬೇಡ, ಅದುಮಬೇಡ (ಇಷ್ಟನ್ನು ಕೊಂಕಣಿಯಲ್ಲಿ ಬೈದು),
ತಳ, ದುರ್ಗಾ, ತಳ.
ಅದು ಅಲ್ಲೇ ಇದೆ. ನೀನು ಹೋಗಿ ಕೂತುಕೋ.

ಅವರ ಕಾಲ್ಪೇಟಿಯಲ್ಲಿ ಎಡಗಡೆಯ ಮೂರು ಮನೆ ಮೂಕ.
ಕಡಲಿನ ಉಪ್ಪು ರೀಡು ತಿಂದಿತ್ತು.
ಒತ್ತಿದರೆ ಹುಸ್ ಅಂತ ಗಾಳಿ, ಅಷ್ಟೆ.
ರಿಪೇರಿ ಮಾಡಿಸಲಿಲ್ಲ. ಬೆರಳು ಅಲ್ಲಿಗೆ ಬಂದಾಗ
ತಾವೇ ಆ ಸ್ವರ ಹಾಡಿ ಮುಂದಿನ ಮನೆಗೆ ಹೋಗುತ್ತಿದ್ದರು,
ಕಿತ್ತ ಚಪ್ಪಲಿಗೆ ಪಿನ್ನು ಹಾಕಿಕೊಂಡು ನಡೆದ ಹಾಗೆ.

ಅವರ ಎಪ್ಪತ್ತೊಂಬತ್ತನೆಯ ಮಳೆಗಾಲ.
ಬೆರಳು ಎಡಕ್ಕೆ ಇಳಿಯಿತು. ಹುಸ್.
ಬಾಯಿ ತೆರೆದರು. ಅಲ್ಲೂ ಹುಸ್.
ಬಂದರಿನಲ್ಲೊಂದು ಹಡಗು ಕೂಗುತ್ತಿತ್ತು, ಶ್ರುತಿಗೆ ಹೊಂದದೆ.
ಕಾಲು ಮಾತ್ರ ತಿದಿ ಒತ್ತುತ್ತಲೇ ಇತ್ತು.
ನಾನು ಹಾಡಿದೆ.
ಭೇಷ್ ಅನ್ನಲಿಲ್ಲ, ತಿರುಗಲಿಲ್ಲ.
ಪುಟ ಮಗುಚಿದರು.

ಈಗ ಬಂದರಿನ ಕ್ರೇನು ನನ್ನ ಕೆಲಸ;
ಭಾನುವಾರ ಇಗರ್ಜಿಯ ಹಿಂದಿನ ಸಾಲು.
ಸತ್ತವರ ಪೂಜೆಗೆ ಹಾಡಿದರೆ ಮುನ್ನೂರು ರೂಪಾಯಿ.
ಅವರದಕ್ಕೆ ಇಸಿದುಕೊಳ್ಳಲಿಲ್ಲ.
ಮಡಗಾಂವಿನ ಗಿರಾಕಿ ಒಂದೊಂದೇ ಮನೆ ಒತ್ತಿ ನೋಡಿ
ಮೂರು ಕೆಟ್ಟಿವೆಯೆಂದು ನಾಲ್ಕು ಸಾವಿರ ಇಳಿಸಿದ.
ಅವರ ಸೋದರಳಿಯ ಒಪ್ಪಿದ.
ಟೆಂಪೊಗೆ ಏರಿಸಲು ನಾವು ನಾಲ್ವರು.
ಎಡಗಡೆ ನನ್ನ ಪಾಲಿಗೆ ಬಂತು.
ಮಂದಿ ಹೇಳಿದಷ್ಟು ಭಾರ ಇರಲಿಲ್ಲ.